ಶಾಲೆಯ ಗೇಟಿಗೆ ನಮ್ಮನೆ ಬೀಗ

ನಮ್ಮೂರಿನೊಳಗೆ ಹಗಲುಹೊತ್ತು ಬೀಗ ಬೀಳುವುದು ಎರಡಕ್ಕೇ: ದೇವಸ್ಥಾನದ ಹುಂಡಿಗೆ ಮತ್ತು ನನ್ನ ಕಾಂಪೌಂಡ್ ಗೇಟಿಗೆ. ಮದುವೆಯಾಗಿ ಹೊಸಕೋಟೆ ತಾಲ್ಲೂಕಿನ ಈ ಹಳ್ಳಿಗೆ ಬಂದ ಹೊಸದರಲ್ಲಿ ಯಾರು ಬೇಕಾದರೂ ಅಂಗಳ ದಾಟಿ ನೇರ ಅಡುಗೆಮನೆಗೆ ಬಂದು ‘ಏನ್ ಸಾರು?’ ಎಂದು ಕೇಳುತ್ತಿದ್ದರು. ನಾನು ಮನೆಯಲ್ಲೇ ಕುಳಿತು ಪ್ರಕಾಶಕರಿಗೆ ಕರಡು ತಿದ್ದುವವಳು. ಸಾರಿನ ಮಾತು ಶುರುವಾದರೆ ಪುಟದ ತಪ್ಪುಗಳು ಹಾಗೇ ಉಳಿದುಬಿಡುತ್ತಿದ್ದವು. ಪೇಟೆಯಿಂದ ಒಂದು ದಪ್ಪ ಹಿತ್ತಾಳೆ ಬೀಗ ತಂದೆ. ನೆಮ್ಮದಿ ಸಿಕ್ಕಿತು, ಜೊತೆಗೆ ಒಂದು ಹೆಸರೂ ಸಿಕ್ಕಿತು: ಬೀಗದ ಮೇಡಮ್ಮು.

ಮಗಳನ್ನು ಊರಿನ ಸರ್ಕಾರಿ ಪ್ರಾಥಮಿಕ ಶಾಲೆಗೇ ಸೇರಿಸಿದೆವು. ಅವಳು ನನ್ನ ಮಗಳೇ ಎಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ಮನೆಯಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ, ಶಾಲೆಯಲ್ಲಿ ಒಂದನೇ ತರಗತಿ ಮುಗಿಯುವವರೆಗೂ ತುಟಿ ಬಿಚ್ಚಲಿಲ್ಲ. ಅಷ್ಟರಲ್ಲಿ ಇಬ್ಬರು ಹೆಡ್ ಮಾಸ್ಟರುಗಳು ಬಂದು ಹೋಗಿದ್ದರು. ಮೂರನೆಯವರು ಒಬ್ಬ ಹೆಡ್ ಮಿಸ್. ಮಾತಾಡು ಎಂದು ಅವರು ಬಲವಂತ ಮಾಡಲಿಲ್ಲ. ಚಾಕ್‌ಪೀಸ್ ಡಬ್ಬಿಯನ್ನು ಇವಳ ವಶಕ್ಕೆ ಕೊಟ್ಟು ಸುಮ್ಮನಿದ್ದರು. ಒಂದು ದಿನ ಡಬ್ಬಿ ಬರಿದಾಯಿತು. ‘ಚಾಕ್ ಖಾಲಿ, ಮಿಸ್’ ಎಂದಳಂತೆ. ಅವತ್ತು ನಾನು ಪಾಯಸ ಮಾಡಿದೆ. ಗೇಟಿಗೆ ಬೀಗ ಹಾಕಿಕೊಂಡೇ ತಿಂದೆವು.

ಇವಳು ಎರಡನೇ ತರಗತಿಯಲ್ಲಿದ್ದಾಗ ಆ ಮಿಸ್‌ಗೆ ವರ್ಗವಾಯಿತೆಂಬ ಸುದ್ದಿ ಬಂತು. ಊರು ಎರಡು ಪಾಲಾಯಿತು. ಪಿಲ್ಲಗುಂಪೆಯ ಫ್ಯಾಕ್ಟರಿಗಳಿಗೆ ಹೋಗುವ ತಾಯಂದಿರಿಗೆ ಅವರು ಬೇಕೇ ಬೇಕು. ಕಂಪನಿ ಬಸ್ಸು ಬರುವ ಮೊದಲೇ ಮಿಸ್ ಬಂದು ಶಾಲೆಯ ಗೇಟು ತೆಗೆದಿರುತ್ತಿದ್ದರು. ಹೊಲದ ಕೆಲಸದವರಿಗೆ ಬೇಡ. ಅವರೆಕಾಯಿ ಬಿಡಿಸಲು ಮಕ್ಕಳನ್ನು ನಿಲ್ಲಿಸಿಕೊಂಡರೆ ಹೊಲಕ್ಕೇ ಬಂದು ಕರೆದುಕೊಂಡು ಹೋಗುತ್ತಿದ್ದರು.

ಪೋಷಕರ ಸಭೆಯಲ್ಲಿ ಅವರೆ ಬೆಳೆಯುವ ಯಜಮಾನರೊಬ್ಬರು ಮೊದಲು ಎದ್ದರು. ‘ಮಕ್ಳು ಓದ್ಲಿ ಅಂತ ಕಳ್ಸೋದು ಕಣ್ರಮ್ಮಾ, ಹೊಲದಿಂದ ಎಳ್ಕೊಂಡ್ಹೋಗ್ಲಿ ಅಂತಲ್ಲ.’

‘ಹಂಗಾದ್ರೆ ನಿಮ್ ಹುಡ್ಗ ಕಾಯಿ ಬಿಡಿಸ್ಕೊಂಡೇ ಇರ್ಲಿ ಬಿಡಿ ಯಜಮಾನ್ರೇ, ಮೂಟೆ ಎಣ್ಸೋದಾದ್ರೂ ಕಲೀತಾನೆ’ ಎಂದಳು ಫ್ಯಾಕ್ಟರಿಗೆ ಹೋಗುವ ನಮ್ಮ ಪಕ್ಕದ ಮನೆಯವಳು.

‘ನಿಂಗೇನಮ್ಮಾ, ಬಸ್ ಹತ್ತೋ ಅರ್ಜೆಂಟು. ಅವ್ರೇನ್ ಹೆಡ್ ಮಿಸ್ಸಾ, ನಿಮ್ ಮಕ್ಳ ಆಯಾನಾ?’

ಗದ್ದಲ ಎದ್ದಿತು. ಶಾಲಾ ಸಮಿತಿಯ ಅಧ್ಯಕ್ಷರು ನನ್ನ ಕಡೆ ತಿರುಗಿದರು. ‘ಮೇಡಮ್ಮೋರು ಓದಿದೋರು. ನೀವ್ ಹೇಳಿ.’

ನಾನು ಮನಸ್ಸಿನಲ್ಲೇ ಮೂರು ವಾಕ್ಯ ಸಿದ್ಧಮಾಡಿಕೊಂಡಿದ್ದೆ. ಮಗಳ ಬಾಯಿ ಬಿಡಿಸಿದವರು, ಹೋಗಬಾರದು ಎಂಬುದೇ ಅವುಗಳ ಸಾರ. ದುರದೃಷ್ಟವಶಾತ್ ಆ ಹೊತ್ತಿಗೆ ಎರಡನೇ ವಾಕ್ಯವನ್ನು ತಿದ್ದುತ್ತಿದ್ದೆ. ‘ಎಲ್ಲಾರೂ ಹೇಳಿದ್ದು ಸರಿಯಾಗೇ ಇದೆ’ ಎಂದು ಕುಳಿತೆ. ಪೂರ್ತಿ ಎದ್ದೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯವಳು ಗೇಟಿನಾಚೆಯಿಂದ ಕೂಗಿದಳು. ‘ಅಕ್ಕಾ, ಸ್ಕೂಲ್ ಗೇಟಿಗೆ ಬೀಗ ಜಡೀತೀವಿ. ವರ್ಗ ಕ್ಯಾನ್ಸಲ್ ಆಗೋವರ್ಗೂ ತೆಗೆಯಲ್ಲ. ನಿಮ್ ಬೀಗ ಕೊಡಿ. ಗಟ್ಟಿ ಬೀಗ ಅಂತಿರೋದು ನಿಮ್ದೊಂದೇ.’

ಬಾಯಿ ತೆರೆಯದೆ ಮಾಡಬಹುದಾದ ಹೋರಾಟ! ತಕ್ಷಣ ಕೊಟ್ಟೆ. ಒಂದು ಬೀಗದಕೈ ಅವಳಿಗೆ; ಇನ್ನೊಂದು ಎಂದಿನಂತೆ ನನ್ನ ಪರ್ಸಿನಲ್ಲಿ. ‘ನಾನ್ ಕೊಟ್ಟೆ ಅಂತ ಯಾರ್ಗೂ ಹೇಳ್ಬೇಡ’ ಎಂದೂ ಸೇರಿಸಿದೆ. ಇಡೀ ಊರಿಗೆ ಗುರುತಿದ್ದ ಬೀಗದ ವಿಷಯದಲ್ಲಿ ಇದು ನಾನು ವಹಿಸಿದ ಎಚ್ಚರಿಕೆ.

ಮಗಳ ಕೈ ಹಿಡಿದು, ಏನೂ ಗೊತ್ತಿಲ್ಲದವಳಂತೆ ಶಾಲೆಗೆ ಹೋದೆ. ಬೀಗ ಬಿದ್ದಿತ್ತು. ಪಕ್ಕದ ಮನೆಯವಳು ಬೀಗದಕೈ ಸಮೇತ ಕಂಪನಿ ಬಸ್ಸು ಹತ್ತಿ ಹೋಗಿಯೂ ಆಗಿತ್ತು. ಅಷ್ಟರಲ್ಲಿ ಯಜಮಾನರು ತಮ್ಮ ಮೋಟರ್ ಶೆಡ್ಡಿನ ಬೀಗ ತಂದು ಅದರ ಪಕ್ಕದಲ್ಲೇ ಜಡಿದರು. ‘ಅವ್ರು ತೆಗೆದ್ರೂ ಹೊಸ ಹೆಡ್ ಮಾಸ್ಟ್ರು ಬರೋಗಂಟ ನಾವ್ ತೆಗೆಯಲ್ಲ.’ ಮಕ್ಕಳು ಮಾತ್ರ ಎರಡು ಬೀಗಗಳಿಗೂ ಒಂದೇ ಸಮ ಸಂತೋಷಪಟ್ಟರು.

ಹೊಸಕೋಟೆಯ ಶಿಕ್ಷಣ ಕಚೇರಿಗೆ ಹೋಗಿದ್ದ ಹೆಡ್ ಮಿಸ್ ತಡವಾಗಿ ಬಸ್ಸಿಳಿದು ಬಂದರು. ಬೀಗಗಳನ್ನು ನೋಡಿದರು, ನಮ್ಮನ್ನು ನೋಡಿದರು. ಅವತ್ತು ಪಾಳಿ ಇಲ್ಲದ ಫ್ಯಾಕ್ಟರಿ ತಾಯಂದಿರೂ ಹೊಲದವರೂ ಒಟ್ಟಿಗೇ ಶುರುಮಾಡಿದರು. ಅವರು ಕೈ ಎತ್ತಿದರು, ತರಗತಿಯಲ್ಲಿ ಎತ್ತುವ ಹಾಗೆ.

‘ವರ್ಗ ಬೇಕು ಅಂತ ಅರ್ಜಿ ಹಾಕಿದ್ದೇ ನಾನು. ನನ್ ಮಗ ತುಮಕೂರಲ್ಲಿ ಅವರಪ್ಪನ ಜೊತೆ ಇದ್ದಾನೆ. ವಾರಕ್ಕೊಂದ್ಸಲ ನೋಡ್ತೀನಿ. ಬೀಗ ಹಾಕೋಕ್ ಮುಂಚೆ ಯಾರಾದ್ರೂ ನನ್ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?’

ಕೇಳಬೇಕೆಂದು ನನಗಂತೂ ಹೊಳೆದೇ ಇರಲಿಲ್ಲ. ನನ್ನ ಮೂರು ವಾಕ್ಯಗಳಲ್ಲಿ ಒಂದೂ ಪ್ರಶ್ನೆಯಾಗಿರಲಿಲ್ಲ. ಬೇಲಿಯಾಚೆ ನೋಡುತ್ತ ನಿಂತೆ. ಆಗ ನನ್ನ ಕೈಯಿಂದ ಒಂದು ಪುಟ್ಟ ಕೈ ಬಿಡಿಸಿಕೊಂಡಿತು. ಮಗಳು ಹೋಗಿ ಮಿಸ್ ಸೆರಗು ಎಳೆದು, ಇಡೀ ಊರಿಗೆ ಕೇಳುವಂತೆ ಹೇಳಿದಳು:

‘ಮಿಸ್, ಅದು ನಮ್ಮನೆ ಬೀಗ. ಇನ್ನೊಂದ್ ಬೀಗದಕೈ ಅಮ್ಮನ ಪರ್ಸಲ್ಲಿದೆ.’

ಮೊದಲು ನಕ್ಕವರು ಮಿಸ್. ಆಮೇಲೆ ಯಜಮಾನರು. ‘ಬೀಗ ಯಾರ್ದು ಅಂತ ನಂಗೊತ್ತಿತ್ತು ಬಿಡ್ರಮ್ಮೋ. ಬೀಗದಕೈ ಇಟ್ಕೊಂಡು ಸುಮ್ನೆ ನಿಂತಿದ್ದೀರ ಅಂತ ಗೊತ್ತಿರ್ಲಿಲ್ಲ.’ ಪರ್ಸು ತಡಕಿದೆ. ಯಾವತ್ತೂ ಇಟ್ಟ ಜಾಗದಲ್ಲೇ ಇರುವ ಬೀಗದಕೈ ಅವತ್ತು ತಳ ಸೇರಿತ್ತು. ಬಸ್ ಟಿಕೆಟ್, ಅರ್ಧ ಪೆನ್ಸಿಲ್, ಜೀರಿಗೆ ಮಿಠಾಯಿ ಎಲ್ಲ ಊರಿನ ದರ್ಶನಕ್ಕೆ ಹೊರಬಂದ ಮೇಲೆ ಸಿಕ್ಕಿತು. ನಾನು ತೆಗೆದ ಮೇಲೆ ಯಜಮಾನರೂ ತಮ್ಮದನ್ನು ತೆಗೆದರು. ಮನೆಗೆ ಬಂದರೆ, ತೆರೆದೇ ಇದ್ದ ಗೇಟಿನಿಂದ ಯಾರದೋ ಮೇಕೆ ನುಗ್ಗಿ ನನ್ನ ಕರಿಬೇವಿನ ಗಿಡವನ್ನು ಬರೀ ಕಡ್ಡಿ ಮಾಡಿತ್ತು.

ಮಿಸ್ ಹೋದರು. ಹೋಗುವಾಗ ಚಾಕ್‌ಪೀಸ್ ಡಬ್ಬಿಯನ್ನು ಮಗಳ ಕೈಗೇ ಕೊಟ್ಟು ಹೋದರು. ಹೊಸ ಹೆಡ್ ಮಾಸ್ಟರು ಬಂದ ದಿನ ಅವಳನ್ನು ಬಿಡಲು ಹೋದ ನನಗೆ ಒಂದೇ ಭಯ: ಇವಳು ಮತ್ತೆ ಬಾಯಿ ಮುಚ್ಚಿಬಿಟ್ಟರೆ? ಅವರು ಬಗ್ಗಿ ‘ಏನಮ್ಮಾ ನಿನ್ನ ಹೆಸರು?’ ಎಂದರು. ಇವಳು ತನ್ನ ಕಾಲ್ಬೆರಳು ನೋಡಿಕೊಂಡಳು. ಅವಳ ಪರವಾಗಿ ಉತ್ತರಿಸಲು ನಾನು ವಾಕ್ಯ ಜೋಡಿಸತೊಡಗಿದೆ. ನನ್ನದು ಮುಗಿಯುವ ಮೊದಲೇ ಅವಳು ತಲೆ ಎತ್ತಿದಳು.

‘ಸಾರ್, ಬೀಗ ಬೇಕಾದ್ರೆ ನಮ್ಮನೇಲಿದೆ.’

ಹೆಸರು ಮಾತ್ರ ಹೇಳಲಿಲ್ಲ.