ಶಾಂತವ್ವ ತಿಂದ ಅಣಬೆ

ಮೇಘಾಲಯಕ್ಕೆ ಬಂದ ಮೊದಲ ವಾರ ಮನೆ ಮಾಲಕಿ ಒಂದು ಬುಟ್ಟಿ ತಂದು ನನ್ನ ಅಡುಗೆ ಕಟ್ಟೆಯ ಮೇಲೆ ಸುರುವಿದಳು. ಕಾಡಿನ ಅಣಬೆ! ಒಂದರ ಮೇಲೆ ಬಸವನಹುಳು ಬೇರೆ ಹರಿಯುತ್ತಿತ್ತು. ‘ಅಯ್ಯ ಶಿವನ, ಇದನ್ನ ಮನಷ್ಯಾರು ತಿಂತಾರ?’ ಅಂದೆ. ನಮ್ಮೂರು ಅಸುಂಡಿಯಲ್ಲಿ ಇದು ನಾಯಿಕೊಡಿ, ಕಾಲಿಲೆ ಒದ್ದು ಮುಂದೆ ಹೋಗುವಂಥದ್ದು. ಅವಳಿಗೆ ನನ್ನ ಕನ್ನಡ ತಿಳಿಯಲಿಲ್ಲ, ಮುಖ ತಿಳಿದು ನಕ್ಕಳು.

ಇಲ್ಲಿಯ ಶಾಲೆಯಲ್ಲಿ ಗಣಿತ ಕಲಿಸುತ್ತ ನಾಲ್ಕು ವರ್ಷವಾಯಿತು. ಮಾಲಕಿಯನ್ನು ‘ಕಾಂಗ್’ ಅಂತ ಕರೆಯುತ್ತೇನೆ, ಖಾಸಿ ಭಾಷೆಯಲ್ಲಿ ಅಕ್ಕ ಅಂತ ಅರ್ಥ. ನಮ್ಮಲ್ಲಿ ಮಳೆ ಬಿದ್ದರೆ ಬಿತ್ತಿಗೆಯ ಮಾತು, ಇಲ್ಲಿ ಅಣಬೆಯ ಮಾತು. ತಾಯಿ ತೋರಿಸಿದ್ದನ್ನಷ್ಟೇ ಕೀಳುತ್ತಾರೆ. ಅಷ್ಟಾದರೂ ಆಗಾಗ ಯಾರದೋ ಮನೆಯಲ್ಲಿ ಸಾವಾಗುತ್ತದೆ. ಅದನ್ನು ಕೇಳಿಯೂ ನಾನು ಮನಸ್ಸಿಗೆ ತಂದುಕೊಳ್ಳಲಿಲ್ಲ. ಬಾಯಿಗೆ ರುಚಿ ಹತ್ತಿತ್ತಲ್ಲ!

ಹೋದ ವರ್ಷ ತಂಗಿ ಶಾಂತವ್ವ ಬಂದಾಗ ಒಲ್ಲೆ ಒಲ್ಲೆ ಅಂದರೂ ತಿನ್ನಿಸಿದೆ. ‘ಯಕ್ಕಾ, ಭಾರಿ ಐತಿ ಬಿಡ’ ಅಂತ ಬಟ್ಟಲು ಬಳಿದಳು. ರುಚಿ ಅವಳ ಸಂಗಡ ಊರಿಗೆ ಹೋಯಿತು, ತಿನ್ನುವಂಥದ್ದು ಯಾವುದು ಅನ್ನುವ ಗುರುತು ಹೋಗಲಿಲ್ಲ.

ಈ ಮಳೆಗಾಲ ಒಂದು ಮುಂಜಾನೆ ಅವಳ ಫೋನು. ಶಿರಹಟ್ಟಿ ಹತ್ತಿರ ಗಂಡನ ಮನೆಯ ಹೊಲದ ಬದುವಿನಲ್ಲಿ ಬೆಳ್ಳಗೆ ಅಣಬೆ ಎದ್ದಿದ್ದವಂತೆ. ಮನೆಯಲ್ಲಿ ಯಾರೂ ಮುಟ್ಟಲಿಲ್ಲ, ಇವಳೊಬ್ಬಳೇ ಪಲ್ಯ ಮಾಡಿಕೊಂಡು ತಿಂದಳು. ಮರುದಿನ ವಾಂತಿ, ಭೇದಿ. ಊರ ಡಾಕ್ಟರು ಸಲೈನ್ ಹಚ್ಚಿದರು. ‘ಈಗ ಆರಾಮ ಅದೇನಿ. ನೀ ನಗಲಿ ಅಂತ ಹೇಳಿದೆ’ ಅಂದಳು.

ಕಾಂಗ್‌ಗೆ ಹೇಳಿದರೆ ಅವಳು ನಗಲಿಲ್ಲ. ತಿಂದು ಬಹಳ ಹೊತ್ತಾದ ಮೇಲೆ ವಾಂತಿಯಾದರೆ ಕೆಟ್ಟದ್ದು, ಅದು ನಿಂತು ಹಗುರ ಅನಿಸುವ ದಿನವೇ ವಿಷ ಲಿವರಿಗೆ ಇಳಿದಿರುತ್ತದೆ ಎಂದಳು. ಅವಳ ಸ್ವಂತ ಅಣ್ಣ ಅಂಥ ದಿನ ಕಟ್ಟಿಗೆ ಒಡೆದಿದ್ದನಂತೆ. ಮುಂದೆ ಎರಡೇ ದಿನ ಇದ್ದ.

ಶಾಂತವ್ವನ ಗಂಡನಿಗೆ ಫೋನು ಹಚ್ಚಿದೆ. ‘ಜಲ್ದಿ ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಒಯ್ಯಪ್ಪಾ, ಕೈ ಮುಗೀತೀನಿ.’

‘ಸುಮ್ನ ಯಾಕ ಹೆದರ್ತೀರಿ ಅಕ್ಕಾರ? ರೊಟ್ಟಿ ಬಡಿಯಾಕತ್ತಾಳ, ಸಪ್ಪಳ ಕೇಳ್ರಿ’ ಅಂದ.

ಕೇಳಿಸಿತು. ತಂಗಿಯ ಕೈಯ ರೊಟ್ಟಿಯ ಸಪ್ಪಳವೇ. ಅವ್ವನಿಗೆ ಫೋನು ಮಾಡಿದೆ, ತಂಗಿಯ ಅತ್ತೆಗೆ ಮಾಡಿದೆ. ಬೈದು ನೋಡಿದೆ, ಅತ್ತು ನೋಡಿದೆ. ಎಲ್ಲರದೂ ಒಂದೇ ಮಾತು, ಅಕಿ ಆರಾಮ ಅದಾಳಲ್ಲ ಅಂತ. ಇಷ್ಟು ದೂರ ಕುಂತ ನನ್ನ ಬಾಯಿಗೆ ಏನು ಕಿಮ್ಮತ್ತು? ಮರುದಿನ ಅವಳ ಕಣ್ಣು ಹಳದಿಯಾದವು. ಆಗ ಒಯ್ದರು.

ನಾನು ಬೆಟ್ಟ ಇಳಿದು, ಗುವಾಹಟಿಯಲ್ಲಿ ವಿಮಾನ ಹತ್ತಿ, ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಶಾಂತವ್ವ ಹೋಗಿಬಿಟ್ಟಿದ್ದಳು.

ಮಣ್ಣು ಮುಗಿಸಿ ಬಂದ ಮೇಲೆ ಅವ್ವ ನನ್ನ ಮುಖ ನೋಡದೆ ಕೇಳಿದಳು: ‘ನಿಮ್ಮ ಊರಾಗ ಇದಕ್ಕ ಔಷಧ ಐತೇನ?’

ನಿಮ್ಮ ಊರು ಅಂದಳು. ಮೇಘಾಲಯದಲ್ಲಿ ನಾನು ಇವತ್ತಿಗೂ ಹೊರಗಿನವಳು. ಹಡೆದವ್ವನ ಬಾಯಲ್ಲಿ ಅಸುಂಡಿಯೂ ನನ್ನದಲ್ಲದಾಯಿತು.

‘ಖಾತ್ರಿ ಔಷಧ ಅಲ್ಲೂ ಇಲ್ಲವ್ವ’ ಅಂದೆ. ‘ಆರಾಮ ಅದೇನಿ ಅಂದ್ರ ನಂಬೂದಿಲ್ಲ, ಅಷ್ಟ.’