ಲೋಟದ ತಳಕ್ಕೆ ಅಂಟಿಸಿದ ಚೀಟಿ

ನಸೀಮಾಳನ್ನು ಪರೀಕ್ಷೆಯಿಂದ ಹೊರಗೆ ಹಾಕಿಸಿದವಳು ನಾನು. ಮಕ್ಕಳೇ, ನಾಲ್ಕು ಜನರೆದುರು ಬಾಯಿ ಬಿಡಲೂ ನಾಚುವ ನಿಮ್ಮ ಅಜ್ಜಿ ಆ ಒಂದು ಸುಳ್ಳನ್ನು ಮಾತ್ರ ತಡವರಿಸದೆ ಹೇಳಿದಳು.

ನಿಮ್ಮಪ್ಪ ಎಸ್ಸೆಸ್ಸೆಲ್ಸಿ ಬರೆಯುವಾಗ ಪರೀಕ್ಷೆಯ ಕೋಣೆಗಳಲ್ಲಿ ನೀರು ಕೊಡುವ ಕೆಲಸ ನನಗೆ ಸಿಕ್ಕಿತ್ತು. ಬಿಂದಿಗೆ, ಲೋಟ ಹಿಡಿದು ಬೆಂಚಿನಿಂದ ಬೆಂಚಿಗೆ ಹೋಗಬೇಕು. ಗಣಿತದ ದಿನ, ಕಾಂಪೌಂಡಿನ ಹೊರಗಿನಿಂದ ಬಂದ ಉತ್ತರದ ಚೀಟಿಯನ್ನು ಅನ್ನದ ಅಗುಳಿನಿಂದ ಲೋಟದ ತಳಕ್ಕೆ ಅಂಟಿಸಿ ನಿಮ್ಮಪ್ಪನಿಗೆ ನೀರು ಕೊಟ್ಟೆ. ಊರಲ್ಲಿ ಅದಕ್ಕೆ ‘ಮಕ್ಕಳಿಗೊಂದಿಷ್ಟು ಸಹಾಯ’ ಎಂದೇ ಹೆಸರು.

ಅವನು ಚೀಟಿ ಬಿಡಿಸಿಕೊಳ್ಳುವಷ್ಟರಲ್ಲಿ ನಕಲು ಹಿಡಿಯುವ ಸ್ಕ್ವಾಡಿನವರು ಬಂದುಬಿಟ್ಟರು. ಅವನ ಕೈ ಬೆಂಚಿನ ಕೆಳಗೆ ಹೋಯಿತು. ಚೀಟಿ ಪಕ್ಕದ ಬೆಂಚಿನ ನಸೀಮಾಳ ಕಾಲ ಬಳಿ ಬಿತ್ತು. ನಾನು ನೋಡಿದೆ. ಸ್ಕ್ವಾಡಿನ ಅಧಿಕಾರಿ ಅದನ್ನೆತ್ತಿಕೊಂಡು ಅವಳನ್ನು ಎಬ್ಬಿಸಿ ನಿಲ್ಲಿಸಿದರು.

“ಗಂಗಕ್ಕಾ, ಅದು ನಂದಲ್ಲ ಅಂತ ಹೇಳ್ರೀ… ನೀವ್ ಇಲ್ಲೇ ಇದ್ರಲ್ಲ!”

ಅಧಿಕಾರಿ ನನ್ನತ್ತ ತಿರುಗಿದರು. “ಏನಮ್ಮಾ, ನೋಡಿದ್ಯಾ? ಬೇಗ ಹೇಳು.”

“ಇಲ್ಲ ಸ್ವಾಮಿ, ನಾನೇನೂ ನೋಡ್ಲಿಲ್ಲ.”

ಯಾರ ಬಾಯಿಂದ ಬಂತು ಆ ಮಾತು? ನನ್ನದೇ ದನಿ ಕಿವಿಗೆ ಬಿತ್ತು — ಆದರೂ ತಿದ್ದಲಿಲ್ಲ. ಅವಳನ್ನು ಡಿಬಾರ್ ಮಾಡಿದರು. ಮೆಟ್ಟಿಲ ಮೇಲೆ ಅಳುತ್ತಿದ್ದವಳಿಗೆ ನೀರು ಕೊಟ್ಟೆ, ಅದೇ ಲೋಟದಲ್ಲಿ. ಮನೆಯವರು ಅವಳಿಂದ ಮತ್ತೆ ಪರೀಕ್ಷೆ ಬರೆಸಲಿಲ್ಲ. ನಿಮ್ಮಪ್ಪ ಪಾಸಾದ, ಮೇಷ್ಟರಾದ.

ಮೊನ್ನೆ ಕಡೂರಿನಲ್ಲಿ ಬಸ್ಸು ಹತ್ತಿದಾಗ ಒಬ್ಬ ಹೆಂಗಸು ಎದ್ದು ಜಾಗ ಬಿಟ್ಟಳು. “ಬನ್ನಿ ಗಂಗಕ್ಕ, ಕೂತ್ಕಳಿ. ಗುರ್ತು ಸಿಕ್ಲಿಲ್ವಾ? ನಸೀಮಾ ಕಣ್ರೀ! ಈಗ ಯಗಟೀಲೇ ಇದೀನಿ.” ನನಗೂ ತಿಳಿಯಲೆಂದು, ಪಕ್ಕದಲ್ಲಿದ್ದ ತನ್ನ ಮಗಳಿಗೆ ಕನ್ನಡದಲ್ಲೇ ಹೇಳಿದಳು: “ಅವತ್ತು ಎಲ್ರೂ ನನ್ನ ಕಳ್ಳಿ ಅಂದ್ರು ಕಣೇ. ಇವರೊಬ್ರೇ ಹತ್ರ ಬಂದು ನೀರು ಕೊಟ್ಟಿದ್ದು.”

 ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಷ್ಟು ವರ್ಷ ಅವಳು ನನ್ನನ್ನು ಒಳ್ಳೆಯವಳೆಂದು ನೆನೆಯುತ್ತಿದ್ದಳೇ — ನನ್ನನ್ನು… ಆಗಲೂ ಹೇಳಲಿಲ್ಲ. ನಮ್ಮೂರು ಬರುವ ಮುಂಚೆಯೇ ಇಳಿದುಬಿಟ್ಟೆ.

ನಿನ್ನೆ ನಿಮ್ಮಪ್ಪನ ಹತ್ತಿರ ಈ ಮಾತು ತೆಗೆದೆ. “ಈಗ್ಯಾಕಮ್ಮಾ ಅದೆಲ್ಲಾ? ಮಕ್ಳಿಗೆ ನಾನ್ ಹೆಂಗ್ ಮುಖ ತೋರಿಸ್ಲಿ?” ಎಂದ. ಶಾಲೆಯ ಮಕ್ಕಳೋ, ನೀವೋ — ಕೇಳುವ ಧೈರ್ಯ ಬರಲಿಲ್ಲ. ಅವನ ಕೈಗೆ ಆ ಲೋಟ ಕೊಟ್ಟವಳು ನಾನು.

ನಾಳೆ ಯಗಟಿಯಲ್ಲಿ ಇಳಿದು ಅವಳ ಮನೆ ಕೇಳಿಕೊಂಡು ಹೋಗುತ್ತೇನೆ. ಮಗಳು ಮನೆಗೆ ಬರುವವರೆಗೂ ಬಾಗಿಲಲ್ಲೇ ಕಾಯುತ್ತೇನೆ. ತನ್ನ ತಾಯಿ ಕಳ್ಳಿಯಲ್ಲ ಎಂಬುದನ್ನು ಆ ಹುಡುಗಿ ನನ್ನ ಬಾಯಿಂದಲೇ ಕೇಳಬೇಕು.