ಅಂಬರೀಶನ ಪೆಟ್ಟಿಗೆಯಲ್ಲಿ ಏನಿತ್ತು

ಅಂಬರೀಶನಿಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಬಂಗಾರಪೇಟೆ ಪಕ್ಕದ ಹಳ್ಳಿಯ ಡೈರಿಯಲ್ಲಿ ಹಾಲು ಟೆಸ್ಟ್ ಮಾಡುವ ಕೆಲಸಕ್ಕಿದ್ದ. ಒಂದು ಬೆಳಗ್ಗೆ ಸೆಕ್ರೆಟರಿ ಯಾರೋ ಮುದುಕಿಯ ಹಾಲಿಗೆ ಫ್ಯಾಟು ಕಮ್ಮಿ ಬರೆದದ್ದು ಕಣ್ಣಿಗೆ ಬಿತ್ತು. ಹೇಳಿ ನೋಡಿದ, ಸೆಕ್ರೆಟರಿ ನಕ್ಕ. ಅಷ್ಟೇ, ಕ್ಯಾನಿನ ಮುಚ್ಚಳ ತೆಗೆದು ಆ ನಗುವ ಮುಖಕ್ಕೇ ಬಾರಿಸಿದ. ಸಾಯಂಕಾಲ ಸೆಕ್ರೆಟರಿ ಕಡೆಯ ನಾಲ್ವರು ಬಂದು ಇವನ ಎರಡು ಹಲ್ಲು ಉದುರಿಸಿದರು. ಸಾಲಿನಲ್ಲಿ ನಿಂತು ಎಲ್ಲ ನೋಡಿದ ಜನ ಒಬ್ಬರೂ ಬಾಯಿ ಬಿಡಲಿಲ್ಲ. ಅಣ್ಣ ವೆಂಕಿ ಒಬ್ಬನೇ ಊರಿಗಾಂ ಗಣಿ ಕಡೆಯಿಂದ ಬಂದು, ಆ ನಾಲ್ವರನ್ನೂ ಹುಡುಕಿ ಹುಡುಕಿ ಹೊಡೆದು ಹೋದ.

ಕೆಲಸ ಹೋಯಿತು. ಆಂಡರ್ಸನ್‌ಪೇಟೆಯಲ್ಲಿ ಟೀವಿ, ಮಿಕ್ಸಿ, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ. ಮುಚ್ಚಿಹೋದ ಇಂಟರ್‌ನೆಟ್ ಸೆಂಟರಿನವನಿಂದ ಹಳೇ ಕಂಪ್ಯೂಟರ್ ಒಂದು ಸಿಕ್ಕಿತು, ಮನೆಗೆ ತಂದ. ಬಿಟ್‌ಕಾಯಿನ್ ಬಗ್ಗೆ ಫೋನಿನಲ್ಲಿ ಓದಿದ್ದ. ಬೇರೆಯವರಿಗೆ ಅದರಲ್ಲಿ ದುಡ್ಡು ಕಾಣುತ್ತೆ, ಇವನಿಗೆ ಕಂಡದ್ದು ಬೇರೆ. ಅದರ ಲೆಕ್ಕ ಒಬ್ಬ ಸೆಕ್ರೆಟರಿಯ ಕೈಯಲ್ಲಿಲ್ಲ! ಬೇಕಾದವರು ಮೊದಲ ದಿನದಿಂದ ಇವತ್ತಿನವರೆಗಿನ ಪೂರ್ತಿ ಲೆಕ್ಕವನ್ನು ತಮ್ಮ ಮನೆಯಲ್ಲೇ ಇಟ್ಟುಕೊಳ್ಳಬಹುದು, ಯಾರಾದರೂ ಕಳ್ಳಲೆಕ್ಕ ಕಳಿಸಿದರೆ ನಮ್ಮ ಮಿಷನ್ನೇ ಅದನ್ನು ಆಚೆಗೆ ಎಸೆಯುತ್ತೆ. ಹಾಗೆ ಲೆಕ್ಕ ಕಾಯುವ ಮಿಷನ್ನಿಗೆ ನೋಡ್ ಅಂತಾರೆ. ಅದನ್ನು ನಡೆಸಿದರೆ ಕವಡೆಕಾಸೂ ಹುಟ್ಟಲ್ಲ. ಇವನ ಹತ್ತಿರ ಒಂದು ಚೂರು ಬಿಟ್‌ಕಾಯಿನ್ನೂ ಇರಲಿಲ್ಲ.

"ಆಲು ಕೊಡ್ದಿರೋ ಅಸೀಗೆ ಮೇವಾಕ್ದಂಗಾಯ್ತು," ಅಂತ ಹೆಂಡತಿ ಮುನಿಲಕ್ಷ್ಮಿ ಗೊಣಗಿದಳು. ಮಗಳು ಲಿಖಿತ ಮಾತ್ರ ಸ್ಕೂಲಿನಿಂದ ಬಂದವಳೇ, "ಇವತ್ತೆಷ್ಟಾಯ್ತಪ್ಪಾ?" ಅಂತ ಕೇಳುತ್ತಿದ್ದಳು.

ಆಗುವುದೇನು, ಪ್ರಾಣ ತೆಗೆಯಿತು ಅದು. ಮೊದಲು ಡಿಸ್ಕ್ ತುಂಬಿ ನಿಂತಿತು, ದೊಡ್ಡದು ಹಾಕಿದ. ಮೆಮೊರಿ ಸಾಲದೆ ಪ್ರೋಗ್ರಾಂ ತಾನಾಗೇ ಮುಚ್ಚಿಕೊಳ್ಳುತ್ತಿತ್ತು, ಸೆಟಿಂಗ್ಸ್ ಫೈಲಿನಲ್ಲಿ ಅದು ನುಂಗುವುದನ್ನು ಕಮ್ಮಿ ಮಾಡಿದ. ಹೊರಗಿನ ನೋಡ್‌ಗಳು ಇವನದನ್ನು ತಲುಪಲಿ ಅಂತ ರೌಟರಿನಲ್ಲಿ ದಾರಿ ಬಿಡಬೇಕಿತ್ತು, ನಂಬರ್ ತಪ್ಪು ಹಾಕಿ ರೌಟರಿನ ವಂಶವನ್ನೆಲ್ಲ ಬೈದ. ಕೊನೆಗೂ ಎಷ್ಟು ಲೆಕ್ಕ ಇಳಿಯಿತು ಅಂತ ತೋರಿಸುವ ಪಟ್ಟಿ ಪರದೆ ಮೇಲೆ ತುಂಬುತ್ತಾ ಹೊರಟಿತು, ವಾರಗಟ್ಟಲೆ. ಧೂಳು ಬೀಳದಿರಲಿ ಅಂತ ಕಂಪ್ಯೂಟರಿದ್ದ ಕೋಣೆಯ ಕಿಟಕಿ ಬಾಗಿಲು ಮುಚ್ಚಿಯೇ ಇಟ್ಟ. ಪ್ಲಗ್ಗಿನ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ಯುಪಿಎಸ್ ಬ್ಯಾಟರಿ ಸತ್ತಿತ್ತು, ನಾಳೆ ಹಾಕಿದರಾಯಿತು ಅಂದುಕೊಂಡೇ ಇದ್ದ.

ಆ ಮುಚ್ಚಿದ ಬಾಗಿಲೇ ಮುಳುವಾಯಿತು. ವೆಂಕಿ ಮತ್ತು ಅವನ ಜೊತೆಗಾರ ಆರುಮುಗಂ ಒಂದು ಕಾಲಕ್ಕೆ ನಂದಿದುರ್ಗ ಅನ್ನುವ ಮುಚ್ಚಿದ ಚಿನ್ನದ ಗಣಿಯೊಳಗೆ ಕದ್ದು ಇಳಿದು ಮಣ್ಣು ಹೊತ್ತು ತಂದವರು. ಮಣ್ಣು ತೊಳೆದು ಚಿನ್ನ ತೆಗೆಯುವವನು ಬೇರೆ ಇರುತ್ತಿದ್ದ, ಅವನು ತೊಳೆಯುತ್ತಿದ್ದದ್ದು ಬಾಗಿಲು ಮುಚ್ಚಿಕೊಂಡೇ. ಆಚೆ ಬಂದವನು ಮೊದಲು ಹೇಳುವ ಮಾತು ಒಂದೇ: ಏನೂ ಸಿಗಲಿಲ್ಲ. ಆಗ ಅವನನ್ನು ಹೊಡೆಯುವುದು ವಾಡಿಕೆ. ನಾಲ್ಕು ಬಿದ್ದ ಮೇಲೆ ಅಡಗಿಸಿಟ್ಟದ್ದು ಈಚೆ ಬರುತ್ತಿತ್ತು, ಪಾಲಾಗುತ್ತಿತ್ತು, ಆಮೇಲೆ ಎಲ್ಲರೂ ಒಟ್ಟಿಗೇ ಕೂತು ಕುಡಿಯುತ್ತಿದ್ದರು. ಹೊಡೆದದ್ದಕ್ಕೆ ಯಾರಿಗೂ ಬೇಜಾರಿಲ್ಲ. ಗುಟ್ಟು ಗೊತ್ತಾದವನಿಗೆಲ್ಲ ಪಾಲುಂಟು ಅನ್ನುವುದೂ ಅವರಲ್ಲಿ ಕಾನೂನೇ.

ಅಂಬರೀಶ ಬಾಗಿಲು ಮುಚ್ಚಿಕೊಂಡು ಬಿಟ್‌ಕಾಯಿನ್ ಮಿಷನ್ ನಡೆಸುತ್ತಾನೆ ಅನ್ನುವ ಮಾತನ್ನು ಟೀ ಅಂಗಡಿಯಲ್ಲಿ ಕೇಳಿದ ಇಬ್ಬರೂ ಒಂದು ಮಧ್ಯಾಹ್ನ ಮನೆಗೆ ಬಂದರು. ಪಟ್ಟಿ ಇನ್ನೇನು ಕೊನೆ ಮುಟ್ಟುವುದರಲ್ಲಿತ್ತು.

"ತುಂಬಿದ್ರೆ ಏನ್ ಬತ್ತದ್ಲಾ?" ಅಂದ ವೆಂಕಿ.

"ಏನೂ ಬರಲ್ಲಣ್ಣ. ಬರೀ ಲೆಕ್ಕ."

ವೆಂಕಿ ಆರುಮುಗಂ ಮುಖ ನೋಡಿದ. ಇಬ್ಬರೂ ನಕ್ಕರು. "ಸರಿ, ತುಂಬ್ಲಿ. ಕೂತಿರ್ತೀವಿ," ಅಂದು ಚಾಪೆ ಹಾಸಿಕೊಂಡರು.

ಅಷ್ಟರಲ್ಲಿ ಕರೆಂಟು ಹೋಯಿತು. ಮಿಷನ್ನು ಬಾಯಿ ಮುಚ್ಚಿತು. ಕರೆಂಟು ವಾಪಸ್ ಬಂದ ಕೂಡಲೇ ಅಂಬರೀಶ ಮೇಜಿನ ಮುಂದೆ ಕೂತ. ಆನ್ ಮಾಡಿದ. ಒಳಗಿನ ಫೈಲು ಕೆಟ್ಟಿದೆ, ಎಲ್ಲವನ್ನೂ ಮೊದಲಿಂದ ಎಣಿಸಲೇ ಅಂತ ಪರದೆ ಕೇಳಿತು. ಬೇರೆ ದಾರಿಯಿಲ್ಲ, ಹೂಂ ಅಂತ ಒತ್ತಿದ. ಪಟ್ಟಿ ಸೊನ್ನೆಗೆ ಬಂದು ನಿಂತಿತು.

ಹಿಂದಿನಿಂದ ಬಿದ್ದ ಏಟಿಗೆ ಅವನ ಹಣೆ ಮೇಜಿಗೆ ಬಡಿಯಿತು.

"ಎಲ್ಗಾಕ್ದೆ?" ಅಂದ ವೆಂಕಿ. "ತುಂಬಿತ್ತು. ಕಣ್ಣಾರೆ ಕಂಡಿವ್ನಿ. ಈಗ ಸೊನ್ನೆ. ಎಲ್ಗಾಕ್ದೇಲಾ?"

"ಅಣ್ಣಾ, ಫೈಲು ಕೆಟ್ಟೋಗದೆ! ಅದ್ರಲ್ಲಿ ದುಡ್ಡೇ ಇರ್ಲಿಲ್ಲ!"

ಅಂಬರೀಶನೇನು ಸುಮ್ಮನೆ ತಿನ್ನುವವನಲ್ಲ, ಸ್ಟೂಲೆತ್ತಿ ಆರುಮುಗಂ ಭುಜಕ್ಕೆ ಬಿಟ್ಟ. ಇಬ್ಬರೂ ಸೇರಿ ಕೆಡವಿದರು. ವೆಂಕಿ ಅವನ ಬಲಗೈಯನ್ನು ಹೊಸ್ತಿಲ ಮೇಲಿಟ್ಟು ಬಾಗಿಲು ಎಳೆದ. ಎರಡು ಬೆರಳು ಮುರಿದವು. ಸಾಲ್ಡರಿಂಗ್ ಹಿಡಿಯುವ ಬೆರಳು, ಮನೆಗೆ ಅನ್ನ ತರುವ ಬೆರಳು! ಅಂಬರೀಶ ಕಿರುಚಿದ, ಆದರೂ ಇಲ್ಲ ಅಂದದ್ದನ್ನು ಬದಲಿಸಲಿಲ್ಲ. ಇದ್ದದ್ದನ್ನು ಇದ್ದಂಗೆ ಹೇಳಿ ಹಲ್ಲು ಕಳಕೊಂಡವನು, ಬೆರಳಿಗೆ ಬಗ್ಗುತ್ತಾನೆಯೇ?

ಕೊಟ್ಟಿಗೆಯಿಂದ ಓಡಿಬಂದ ಮುನಿಲಕ್ಷ್ಮಿ, "ಬಾವಾ, ನಿನ್ ಕೈ ಸೇದೋಗ!" ಅಂತ ವೆಂಕಿಯ ಮೇಲೆ ಬಿದ್ದಳು. ಆರುಮುಗಂ ಅವಳ ತುರುಬು ಹಿಡಿದು ಗೋಡೆಗೆ ಒತ್ತಿದ. ಇನ್ನೊಂದು ಕೈಯಲ್ಲಿ ಕಬ್ಬಿಣದ ರಾಡು. ಲಿಖಿತ ಸ್ಕೂಲಿನಿಂದ ಬರುವ ಹೊತ್ತಾಗಿತ್ತು.

"ಐತೆ!" ಅಂತ ಕೂಗಿದ ಅಂಬರೀಶ. "ಪೆಟ್ಗೇಲೇ ಐತೆ. ಅವ್ಳನ್ನ ಬಿಡಿ. ತಗೊಂಡೋಗಿ!"

ರಾಡು ತಟ್ಟನೆ ಕೆಳಗಿಳಿಯಿತು. ನಿಜವನ್ನು ಮಧ್ಯಾಹ್ನವಿಡೀ ಹೇಳಿದರೂ ನಂಬದವರು, ಈ ಮಾತನ್ನು ಎರಡನೇ ಸಲ ಕೇಳಲಿಲ್ಲ.

"ಮೊದ್ಲೇ ಯೋಳೋಕೇನಾಗಿತ್ಲಾ ನಿಂಗೆ," ಅಂದ ವೆಂಕಿ. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಹೆಗಲ ಟವೆಲ್ಲು ಹರಿದು ತಮ್ಮನ ಬೆರಳು ತಾನೇ ಕಟ್ಟಿದ. ಕಟ್ಟುವಾಗ ಅವನ ಕಣ್ಣಲ್ಲಿ ನೀರಿತ್ತು, ಅದೂ ಸುಳ್ಳಲ್ಲ. ಆಮೇಲೆ ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ಹೊರಟುಹೋದರು.

ಮುಂದಿನದನ್ನು ಊರಿಗಾಂನಿಂದ ಬಂದು ಹೇಳಿದವಳು ಆರುಮುಗಂ ಹೆಂಡತಿ ರಾಧ. ಮಿಷನ್ನನ್ನು ಗಣಿ ಕೂಲಿಗಳ ಸಾಲಿನಲ್ಲಿದ್ದ ಅವರ ಲೈನ್ ಮನೆಯಲ್ಲಿಟ್ಟು, ಬಾಗಿಲು ಮುಚ್ಚಿಕೊಂಡು, ಇಬ್ಬರೂ ಅದರ ಎದುರೇ ಉಂಡು ಅಲ್ಲೇ ಮಲಗಿದರಂತೆ. ಡಿಸ್ಕಿನಲ್ಲಿ ಆಗಲೇ ಇಳಿದಿದ್ದ ಹಳೇ ಲೆಕ್ಕವನ್ನೆಲ್ಲ ಅದು ಎಣಿಸಿತು, ಪಟ್ಟಿ ಕೊನೆಯ ಹತ್ತಿರಕ್ಕೂ ಬಂತು. ಆಮೇಲೆ ನಿಂತುಬಿಟ್ಟಿತು. ಆ ಮನೆಯಲ್ಲಿ ಇಂಟರ್‌ನೆಟ್ಟೇ ಇಲ್ಲ, ಹೊಸ ಲೆಕ್ಕ ಬರುವುದಾದರೂ ಎಲ್ಲಿಂದ? ಕಾದರು. ತಟ್ಟಿದರು. ಕೊನೆಗೆ ಬಿಚ್ಚಿಯೂ ನೋಡಿದರು, ಧೂಳು ಬಿಟ್ಟು ಏನಿಲ್ಲ.

ಆರುಮುಗಂಗೆ ಅರ್ಥವಾದದ್ದು ಒಂದೇ. ಅಣ್ಣತಮ್ಮ ಸೇರಿ ಮೋಸ ಮಾಡಿದ್ದಾರೆ. "ಡೇಯ್, ಎಂಗಡಾ?" ಎಲ್ಲಿಟ್ಟಿದ್ದೀಯೋ ಅಂತ ತಮಿಳಿನಲ್ಲಿ ಕೂಗಿ ರಾಡೆತ್ತಿದ. ವೆಂಕಿ ಓಡಲಿಲ್ಲ, ಕೈಯನ್ನೂ ಎತ್ತಲಿಲ್ಲವಂತೆ. "ಏಟು ತಿಂದ್ಮೇಲೆ ನನ್ ತಮ್ಮ ಸುಳ್ಳು ಯೋಳಲ್ಲ ಕಣೋ. ಐತೆ ಅಂದವ್ನೆ, ಐತೆ," ಅಂತಲೇ ಇದ್ದನಂತೆ, ರಾಡು ತಲೆಗೆ ಬೀಳುವವರೆಗೂ.

ಅಂಬರೀಶ ಆಸ್ಪತ್ರೆಗೆ ಓಡಿದ. ಆರುಮುಗಂನನ್ನು ಪೊಲೀಸರು ಆಗಲೇ ಹಿಡಿದಿದ್ದರು. ಇನ್ನು ಆಸೆ ಇಟ್ಟುಕೊಳ್ಳಬೇಡಿ ಅಂದರು ಡಾಕ್ಟರು. ವೆಂಕಿಯ ತಲೆಯೆಲ್ಲ ಬಟ್ಟೆ, ಒಂದೇ ಕಣ್ಣು ತೆರೆದಿತ್ತು. ಆ ಕಣ್ಣು ತಮ್ಮನನ್ನು ಗುರುತು ಹಿಡಿಯಿತು.

"ಅಣ್ಣಾ," ಅಂದ ಅಂಬರೀಶ. ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ, ನಾನೇ ಸುಳ್ಳು ಹೇಳಿದೆ ಅನ್ನಬೇಕೆಂದೇ ದಾರಿಯುದ್ದಕ್ಕೂ ಬಾಯಿಗೆ ತಂದುಕೊಂಡಿದ್ದ.

ವೆಂಕಿ ಅವನ ಮುರಿದ ಕೈಯನ್ನು ಮೆಲ್ಲಗೆ ಹಿಡಿದ. "ಎಲ್ಲಿಕ್ಕಿದ್ಯೋ ಅಲ್ಲೇ ಇರ್ಲಿ ಕಣ್ಲಾ. ಯಾರ್ಗೂ ತೋರುಸ್ಬೇಡ. ನನ್ ಪಾಲ್ನ ಲಿಖಿತಂಗೆ ಕೊಡು."

ಅಂಬರೀಶ ಮಂಚದ ಪಕ್ಕ ಬಗ್ಗಿದ. ಅಣ್ಣನ ಒಂದು ಕಣ್ಣು ಕಾಯುತ್ತಲೇ ಇತ್ತು.

"ಕೊಡ್ತೀನಣ್ಣ," ಅಂದ. "ಎಲ್ಲಾ ಐತೆ. ಬದ್ರವಾಗಿಕ್ಕಿವ್ನಿ."

"ನಂಗೊತ್ತಿತ್ತು," ಅಂತ ವೆಂಕಿ ಕಣ್ಣು ಮುಚ್ಚಿದ. ಅಂಬರೀಶನ ಕೈ ಹಿಡಿದಿದ್ದ ಬೆರಳು ಸಡಿಲವಾದದ್ದು ಆಮೇಲೆ.